ಹಳೆಯ ಕಾರು, ಹೊಸ ಲೆಕ್ಕ

ಕಾರಿಲ್ಲದವನಿಗೆ ಒಂದೇ ಚಿಂತೆ, ಕಾರುಳ್ಳವನಿಗೆ ದಿನಕ್ಕೊಂದು ಎಂದು ನಮ್ಮ ಬೀದಿಯ ಹಿರಿಯರೊಬ್ಬರು ಹೇಳುವುದುಂಟು. ಅವರ ಮಾತು ನನಗೆ ಮನವರಿಕೆಯಾದದ್ದು 2025ರ ನವರಾತ್ರಿಯಲ್ಲಿ. ಅದೂ ನನ್ನ ಕಾರಿನಿಂದಲ್ಲ, ತಂಗಿಯ ಮನೆಯ ಕಾರಿನಿಂದ.

ಆ ವರ್ಷ ಸೆಪ್ಟೆಂಬರ್ 22ನೆಯ ತಾರೀಖು, ನವರಾತ್ರಿಯ ಮೊದಲ ದಿನವೇ, ಸಣ್ಣ ಕಾರುಗಳ ಮೇಲಿನ ತೆರಿಗೆ ಇಳಿದದ್ದು ಓದುಗರಿಗೆ ನೆನಪಿರಬಹುದು. ನಾಲ್ಕು ಮೀಟರ್ ಉದ್ದವನ್ನೂ 1200 ಸಿ.ಸಿ.ಯನ್ನೂ ಮೀರದ ಪೆಟ್ರೋಲು ಕಾರುಗಳಿಗೆ ಸೆಸ್ಸೂ ಸೇರಿ ನೂರಕ್ಕೆ 29ರಷ್ಟಿದ್ದ ತೆರಿಗೆ 18ಕ್ಕೆ ಬಂದಿತು. ದಿನಪತ್ರಿಕೆಗಳ ಮುಖಪುಟದಲ್ಲಿ ದೇವಿಯ ಚಿತ್ರಕ್ಕಿಂತ ಕಾರಿನ ಚಿತ್ರಗಳೇ ದೊಡ್ಡವಾಗಿದ್ದವು. ಅಂದು ಸಂಜೆ ತಂಗಿ ಫೋನು ಮಾಡಿದಳು.

"ಅಣ್ಣ, ಭಾನುವಾರ ಊಟಕ್ಕೆ ಇಲ್ಲಿಗೇ ಬಾ. ಆಯುಧಪೂಜೆಯೊಳಗೆ ಹೊಸ ಕಾರು ತರಬೇಕೆಂದು ಇವರು ಹಟ ಹಿಡಿದಿದ್ದಾರೆ. ಪ್ರಯಾಣದ ಖರ್ಚು ಉಳಿಯುತ್ತದಂತೆ. ನೀನೊಮ್ಮೆ ಲೆಕ್ಕ ನೋಡಬೇಕು."

ಮನೆಯ ಲೆಕ್ಕದ ವಿಷಯವಾಗಿ ಈ ಪುಟದಲ್ಲಿ ಆಗಾಗ್ಗೆ ಬರೆಯುವ ತಪ್ಪಿಗೆ ನನಗೆ ಇಂಥ ಊಟಗಳು ಒದಗುತ್ತಿರುತ್ತವೆ. ಹೋಳಿಗೆ ಉಂಡ ಮೇಲೆ ಕಹಿ ಮಾತನ್ನಾಡಬೇಕಾಗಿ ಬರುವುದೂ ಉಂಟು. ಆದರೂ ಹೋದೆ.

ತಂಗಿಯ ಮನೆ ಬನಶಂಕರಿ ಎರಡನೆಯ ಹಂತದಲ್ಲಿದೆ. ಅವಳ ಯಜಮಾನರಿಗೆ ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯಲ್ಲಿ ಉದ್ಯೋಗ. ಲೆಕ್ಕಪತ್ರ ವಿಭಾಗದಲ್ಲಿಯೇ ಎಂಬುದನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು. ಕಂಪನಿಯ ಒಂದು ರೂಪಾಯಿ ತಪ್ಪಿದರೆ ರಾತ್ರಿ ನಿದ್ರೆ ಬಾರದ ಮನುಷ್ಯ. ಮನೆಯ ಲೆಕ್ಕಕ್ಕೆ ಬಂದರೆ ಮಾತ್ರ ಕವಿಹೃದಯ. ಮನೆಯಲ್ಲಿ ಅವರ ತಾಯಿಯವರಿದ್ದಾರೆ, ಎಪ್ಪತ್ತೆಂಟರ ವಯಸ್ಸು. ಕಣ್ಣಿನ ಒಳಪದರದ ತೊಂದರೆಯಿಂದಾಗಿ ಅವರನ್ನು ತಿಂಗಳಿಗೊಮ್ಮೆ ಚುಚ್ಚುಮದ್ದಿಗೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಎರಡು ವಾರ ಬಿಟ್ಟು ಪರೀಕ್ಷೆಗೆ ಇನ್ನೊಮ್ಮೆ. ಮಗಳು ಎರಡನೆಯ ಪಿ.ಯು.ಸಿ. ಓದುತ್ತಿದ್ದಳು. ಅವಳ ಮುಂದಿನ ಓದಿಗೆಂದು ಬ್ಯಾಂಕಿನಲ್ಲಿ ಆರು ಲಕ್ಷ ರೂಪಾಯಿಯ ಠೇವಣಿ ಇತ್ತು. ಹೊಸ ಕಾರಿನ ಕಣ್ಣು ಬಿದ್ದಿದ್ದುದು ಅದರ ಮೇಲೆ.

ಹಳೆಯ ಕಾರಿನ ವಿಷಯವನ್ನೂ ಹೇಳಬೇಕು. 2012ರ ಮಾದರಿಯ ಪುಟ್ಟ ಪೆಟ್ರೋಲು ಕಾರು. ಒಂದು ಲಕ್ಷ ಮೂವತ್ತು ಸಾವಿರ ಕಿಲೋಮೀಟರು ಓಡಿದೆ. ಹಿಂದಿನ ಆಗಸ್ಟಿನಲ್ಲಿ ಅದು ಒಂದು ದಿನ ಮೇಲ್ಸೇತುವೆಯ ನಟ್ಟನಡುವೆ ನಿಂತುಬಿಟ್ಟಿತು. ಸಿಲ್ಕ್ ಬೋರ್ಡಿನ ಕಡೆಯಿಂದ ಎಲೆಕ್ಟ್ರಾನಿಕ್ ಸಿಟಿಯವರೆಗೆ 2010ರಲ್ಲಿ ತೆರೆದ ಆ ಸೇತುವೆ ಹತ್ತು ಕಿಲೋಮೀಟರಿನಷ್ಟು ಉದ್ದ. ಮೇಲೆ ಹತ್ತಿದವನು ಆ ತುದಿಯಲ್ಲಿಯೇ ಇಳಿಯಬೇಕು. ನಡುವೆ ಕೆಟ್ಟರೆ ಪಕ್ಕಕ್ಕೆ ಸರಿಯುವುದೂ ಕಷ್ಟ. ಅಂದು ಅವರ ಜೊತೆ ಮಗಳೂ ಇದ್ದಳು. ಹಿಂದಿನಿಂದ ವೇಗವಾಗಿ ಬರುತ್ತಿದ್ದ ವಾಹನಗಳು ಕಡೆಯ ಗಳಿಗೆಯಲ್ಲಿ ಪಕ್ಕಕ್ಕೆ ಹೊರಳಿ ಹೋಗುತ್ತಿದ್ದರೆ, ತಂದೆ ಮಗಳಿಬ್ಬರೂ ಗೋಡೆಗೆ ಅಂಟಿಕೊಂಡು ಮುಕ್ಕಾಲು ಗಂಟೆ ನಿಂತಿದ್ದರಂತೆ. ಕಾರನ್ನು ಎಳೆಸಿಕೊಂಡು ಬಂದ ಮೇಲೆ ಮೆಕ್ಯಾನಿಕ್ ಕೊಟ್ಟ ಪಟ್ಟಿ 42,000 ರೂಪಾಯಿಯದು: ಕ್ಲಚ್ ಪ್ಲೇಟು, ಮುಂದಿನ ಶಾಕ್ ಅಬ್ಸಾರ್ಬರುಗಳು, ಬ್ಯಾಟರಿ, ಪೆಟ್ರೋಲು ಹಾಯುವ ರಬ್ಬರ್ ಕೊಳವೆಗಳು, ಕೂಲಿ ಬೇರೆ.

ಊಟವಾದ ಮೇಲೆ ನಮ್ಮವರು ಒಂದು ಹಾಳೆಯನ್ನು ನನ್ನ ಮುಂದೆ ಹರವಿದರು.

"ನೋಡಿ ಭಾವ, ಮುಚ್ಚುಮರೆ ಏನಿಲ್ಲ. ಮನೆಯಿಂದ ಆಫೀಸಿಗೆ 18 ಕಿಲೋಮೀಟರು, ಹೋಗಿ ಬಂದರೆ 36. ತಿಂಗಳಿಗೆ 22 ದಿನ ಎಂದರೆ ಹೆಚ್ಚುಕಡಿಮೆ 800. ಪೆಟ್ರೋಲು 103 ರೂಪಾಯಿಯ ಹತ್ತಿರ ಇದೆ. ಈಗ ತಿಂಗಳಿಗೆ 6,900 ರೂಪಾಯಿ ಟ್ಯಾಂಕಿಗೆ ಸುರಿಯುತ್ತಿದ್ದೇನೆ. ಹೊಸ ಕಾರು ಲೀಟರಿಗೆ 24 ಕೊಡುತ್ತದೆ. ಖರ್ಚು ಅರ್ಧಕ್ಕೆ ಅರ್ಧ! ತಿಂಗಳಿಗೆ 3,450 ಉಳಿತಾಯ. ಐದು ವರ್ಷಕ್ಕೆ ಎರಡು ಲಕ್ಷ. ತೆರಿಗೆ ಇಳಿದದ್ದರಿಂದ ಇನ್ನೊಂದು 60,000. ಇದರ ಮೇಲೆ ಈ ಮುದುಕನಿಗೆ 42,000 ಸುರಿಯುವುದೂ ತಪ್ಪಿತು. ಇಂಥ ಸಮಯ ಮತ್ತೆ ಬರುವುದಿಲ್ಲ."

ಕೇಳುವುದಕ್ಕೆ ಸೊಗಸಾಗಿಯೇ ಇತ್ತು. ಸಂಖ್ಯೆಗಳೂ ಸುಳ್ಳಲ್ಲ. 2024ರ ಜೂನಿನಲ್ಲಿ ರಾಜ್ಯದ ಮಾರಾಟ ತೆರಿಗೆ ಏರಿದಂದಿನಿಂದ ಬೆಂಗಳೂರಿನಲ್ಲಿ ಪೆಟ್ರೋಲಿನ ಬೆಲೆ 102 ರೂಪಾಯಿ 84 ಪೈಸೆಯ ಆಸುಪಾಸಿನಲ್ಲಿಯೇ ಕುಳಿತಿತ್ತು. ಹಳೆಯ ಕಾರು ಲೀಟರಿಗೆ ಹನ್ನೆರಡೇ ಕೊಡುತ್ತಿದೆ ಎಂಬುದೂ ಊಹೆಯ ಮಾತಲ್ಲ. ಟ್ಯಾಂಕನ್ನು ಪೂರ್ತಿ ತುಂಬಿಸಿ, ಅಂಕಿ ಗುರುತು ಹಾಕಿಕೊಂಡು, 412 ಕಿಲೋಮೀಟರು ಓಡಿದ ಮೇಲೆ ಅದೇ ಬಂಕಿನಲ್ಲಿ ಮತ್ತೆ ತುಂಬಿಸಿದರೆ 34 ಲೀಟರೂವರೆ ಹಿಡಿಸಿತೆಂದು ಮಗಳು ನೋಟುಪುಸ್ತಕದಲ್ಲಿ ಬರೆದಿಟ್ಟಿದ್ದಳು. ಅದಕ್ಕೆ ಮುಂಚೆ ತಂದೆಯವರು ಎಲ್ಲರ ಮುಂದೆ "ನಮ್ಮದು ಹದಿನೈದಕ್ಕೆ ಕಡಿಮೆಯಿಲ್ಲ" ಎನ್ನುತ್ತಿದ್ದರಂತೆ. ಕಾರಿನ ಮೈಲೇಜು ಮತ್ತು ಮಕ್ಕಳ ಅಂಕ, ಈ ಎರಡನ್ನೂ ಹೊರಗಿನವರ ಮುಂದೆ ಸ್ವಲ್ಪ ಏರಿಸಿ ಹೇಳುವುದು ನಮ್ಮ ಗೃಹಸ್ಥರ ಜನ್ಮಸಿದ್ಧ ಹಕ್ಕು.

"ಹಳೆಯ ಕಾರಿನ 12 ರಸ್ತೆಯಲ್ಲಿ ಅಳೆದದ್ದು. ಹೊಸದರ 24 ಎಲ್ಲಿ ಅಳೆದದ್ದು?" ಎಂದೆ.

ಅವರು ಸುಮ್ಮನಿದ್ದರು. ಪರೀಕ್ಷಾಗಾರದಲ್ಲಿ ಅಳೆದ ಸಂಖ್ಯೆಗೂ ಸಿಲ್ಕ್ ಬೋರ್ಡಿನ ಸಾಲಿನಲ್ಲಿ ಮೊದಲನೆಯ ಗೇರಿನಲ್ಲಿ ತೆವಳುವ ಕಾರಿಗೂ ಸಂಬಂಧ ಕಡಿಮೆ. ಅವರ ಆಫೀಸಿನಲ್ಲಿಯೇ ಅದೇ ಕಾರನ್ನು ಇಟ್ಟುಕೊಂಡಿರುವ ಕಿರಿಯ ಸಹೋದ್ಯೋಗಿಗೆ ಅದೇ ರಸ್ತೆಯಲ್ಲಿ 18 ಸಿಗುತ್ತಿದೆ ಎಂದು ಅಲ್ಲಿಂದಲೇ ಫೋನು ಮಾಡಿ ತಿಳಿದುಕೊಂಡೆವು. 18 ಎಂದರೆ ತಿಂಗಳಿಗೆ 44 ಲೀಟರೂ ಚಿಲ್ಲರೆ, 4,600 ರೂಪಾಯಿ. ಉಳಿತಾಯ 3,450ರಿಂದ 2,300ಕ್ಕೆ ಇಳಿಯಿತು.

"ಆಗಲಿ, 2,300ಆದರೂ ಉಳಿತಾಯವೇ ತಾನೆ?" ಎಂದರು.

ಪೆಟ್ರೋಲಿನ ಖರ್ಚು ಕಣ್ಣಿಗೆ ಕಾಣುತ್ತದೆ, ಮೂಗಿಗೆ ವಾಸನೆ ಬಡಿಯುತ್ತದೆ, ಬಂಕಿನಲ್ಲಿ ಅಂಕಿ ಗಿರಗಿರನೆ ತಿರುಗುವಾಗ ಎದೆ ಹೊಡೆದುಕೊಳ್ಳುತ್ತದೆ. ಆದ್ದರಿಂದ ಕಾರಿನ ಖರ್ಚೆಂದರೆ ಅದೇ ಎಂದು ನಾವು ತಿಳಿಯುತ್ತೇವೆ. ಮನೆಯ ಮುಂದೆ ನಿಂತಿರುವಾಗಲೂ ಕಾರು ಖರ್ಚು ಮಾಡುತ್ತಲೇ ಇರುತ್ತದೆಂಬುದು ಯಾರಿಗೂ ಕಾಣುವುದಿಲ್ಲ. ಅದರ ಬೆಲೆ ಇಳಿಯುವುದಕ್ಕೆ ರಸ್ತೆ ಬೇಕಾಗಿಲ್ಲ, ಕ್ಯಾಲೆಂಡರು ಸಾಕು.

ಹಾಳೆಯ ಬೆನ್ನ ಮೇಲೆ ನಾವಿಬ್ಬರೂ ಕುಳಿತು ಬರೆದೆವು. ತೆರಿಗೆ ಇಳಿದ ಮೇಲೆ ಕಾರಿನ ಷೋರೂಂ ಬೆಲೆ 6,40,000. ಕರ್ನಾಟಕದಲ್ಲಿ ಐದರಿಂದ ಹತ್ತು ಲಕ್ಷದೊಳಗಿನ ಕಾರಿಗೆ ಜೀವಾವಧಿ ತೆರಿಗೆ ನೂರಕ್ಕೆ 14, ಅದರ ಮೇಲೆ ಸೆಸ್ಸು; ಹತ್ತಿರ ಹತ್ತಿರ ಒಂದು ಲಕ್ಷ. ವಿಮೆ, ನೋಂದಣಿ ಮೊದಲಾದವು ಸೇರಿ ಕಾರು ರಸ್ತೆಗೆ ಇಳಿಯುವ ಹೊತ್ತಿಗೆ 7,80,000. ಹಳೆಯ ಕಾರಿಗೆ ವ್ಯಾಪಾರಿ ಕೊಡುತ್ತೇನೆಂದದ್ದು 1,60,000. ಕೈಯಿಂದ ಹೋಗುವುದು 6,20,000. ಎಂದರೆ ಮಗಳ ಠೇವಣಿ ಪೂರ್ತಿ, ಮೇಲೆ ಇಪ್ಪತ್ತು ಸಾವಿರ.

"ಠೇವಣಿಗೆ ಬಡ್ಡಿ ಎಷ್ಟು?"

"ನೂರಕ್ಕೆ ಏಳು."

"ಆರು ಲಕ್ಷಕ್ಕೆ?"

ವರ್ಷಕ್ಕೆ 42,000, ತಿಂಗಳಿಗೆ 3,500 ಎಂದು ಅವರು ಬಾಯಲ್ಲೇ ಹೇಳಿದರು. ಹೇಳಿ, ತಾವೇ ಪೆನ್ನನ್ನು ಕೆಳಗಿಟ್ಟರು. 24 ಮೈಲೇಜಿನ ಅವರ ಕನಸಿನ ಲೆಕ್ಕವನ್ನೇ ಒಪ್ಪಿಕೊಂಡರೂ ಪೆಟ್ರೋಲಿನಲ್ಲಿ ಉಳಿಯುವುದು 3,450. ಬಡ್ಡಿಯಲ್ಲಿ ಹೋಗುವುದು 3,500.

ಇದಿನ್ನೂ ಮೊದಲನೆಯ ಪೆಟ್ಟು. ವಿಮೆಯವರು ಕಾರಿನ ಬೆಲೆಯನ್ನು ಕಟ್ಟುವುದಕ್ಕೆ ಒಂದು ಕೋಷ್ಟಕ ಇಟ್ಟುಕೊಂಡಿದ್ದಾರೆ. ಆರು ತಿಂಗಳೊಳಗೆ ನೂರಕ್ಕೆ 5 ಇಳಿಕೆ, ವರ್ಷ ತುಂಬುವುದರೊಳಗೆ 15, ಎರಡು ವರ್ಷದೊಳಗೆ 20, ಅಲ್ಲಿಂದ ಮುಂದೆ ವರ್ಷಕ್ಕೆ ಹತ್ತು ಹತ್ತರಂತೆ ಏರಿ ನಾಲ್ಕರಿಂದ ಐದು ವರ್ಷದ ಕಾರಿಗೆ 50. ಮಾರುಕಟ್ಟೆಯ ಬೆಲೆ ಅತ್ತಿತ್ತ ಆದೀತು. ಅಂದಾಜಿಗೆ ಇದಕ್ಕಿಂತ ಒಳ್ಳೆಯ ಮಾರ್ಗದರ್ಶಿ ಗೃಹಸ್ಥನಿಗೆ ಬೇಕಿಲ್ಲ. ಐದು ವರ್ಷದ ಕೊನೆಗೆ 6,40,000ದ ಕಾರು 3,20,000. ಕಟ್ಟಿದ ಜೀವಾವಧಿ ತೆರಿಗೆಯನ್ನು ಹಿಂದಕ್ಕೆ ಕೇಳಿದರೆ ಕೊಡುವವರಿಲ್ಲ. 7,80,000 ಕೊಟ್ಟು 3,20,000 ಪಡೆದರೆ ಕರಗಿದ್ದು 4,60,000. ಹಳೆಯ ಕಾರನ್ನೇ ಇಟ್ಟುಕೊಂಡರೆ ಅದೂ ಅಷ್ಟರಲ್ಲಿ ಲಕ್ಷ ರೂಪಾಯಿ ಇಳಿದಿರುತ್ತದೆ, ಅದನ್ನು ಕಳೆಯಿರಿ. ವ್ಯತ್ಯಾಸ 3,60,000, ಅರವತ್ತು ತಿಂಗಳಿಗೆ ಹಂಚಿದರೆ ತಿಂಗಳಿಗೆ 6,000.

"ರಿಪೇರಿಯ ಮಾತನ್ನು ನೀವು ಮರೆತಿರಿ," ಎಂದರು.

ಮರೆತಿರಲಿಲ್ಲ. ಈಗಿನ 42,000, ಮುಂದೆ ವರ್ಷಕ್ಕೆ ಹನ್ನೆರಡು ಸಾವಿರ ಎಂದು ಧಾರಾಳವಾಗಿಯೇ ಹಾಕಿದೆವು. ಐದು ವರ್ಷಕ್ಕೆ ಒಂದು ಲಕ್ಷ. ಆದರೆ ಹೊಸ ಕಾರಿಗೆ ಪೂರ್ಣ ವಿಮೆ ಮಾಡಿಸದೆ ಯಾರೂ ನಿದ್ರಿಸುವುದಿಲ್ಲ. ಹಳೆಯದಕ್ಕೆ ಕಡ್ಡಾಯವಾದ ಮೂರನೆಯ ವ್ಯಕ್ತಿಯ ವಿಮೆ, 2022ರಲ್ಲಿ ನಿಗದಿಯಾದ 3,416 ರೂಪಾಯಿ, ಅದರ ಮೇಲೊಂದಿಷ್ಟು. ಐದು ವರ್ಷದ ವಿಮೆಯ ವ್ಯತ್ಯಾಸವೂ ಲಕ್ಷದ ಹತ್ತಿರಕ್ಕೆ ಬಂದಿತು. ವಿಮೆ ಮತ್ತು ರಿಪೇರಿ ಎರಡೂ ಒಂದನ್ನೊಂದು ತಿಂದುಹಾಕಿದವು. ಕೊನೆಗೆ ಹಾಳೆಯ ಮೇಲೆ ಉಳಿದದ್ದು ಇಷ್ಟು: 2,300 ಉಳಿಸುವುದಕ್ಕಾಗಿ ತಿಂಗಳಿಗೆ 9,500 ಕಳೆಯುವುದು.

ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಮಗಳು ಆಗ ಮುಂದೆ ಬಂದಳು. "ಮಾವ, ವಿದ್ಯುತ್ ಕಾರಾದರೆ?"

ಒಳ್ಳೆಯ ಪ್ರಶ್ನೆ. ನಾನೂ ಅದರ ಪಕ್ಷಪಾತಿಯೇ. ಆ ಕಾರು ಒಂದು ಯೂನಿಟ್ಟಿಗೆ ಊರೊಳಗೆ ಏಳು ಕಿಲೋಮೀಟರು ಓಡುತ್ತದೆನ್ನಿ. ಚಾರ್ಜು ಮಾಡುವಾಗ ಸೋರುವುದೂ ಸೇರಿ 800 ಕಿಲೋಮೀಟರಿಗೆ 125 ಯೂನಿಟ್ಟು. ಮನೆಯ ವಿದ್ಯುತ್ತು ತೆರಿಗೆಗಳೆಲ್ಲ ಸೇರಿ ಯೂನಿಟ್ಟಿಗೆ ಏಳು ರೂಪಾಯಿಯೆಂದರೆ 875 ರೂಪಾಯಿ. 6,900ರ ಜಾಗದಲ್ಲಿ 875! ಓದುವವರು ಕುಳಿತಲ್ಲಿಂದ ಏಳುತ್ತಾರೆ. ಅಷ್ಟರಲ್ಲಿ ಬೆಲೆ ಕೇಳಿ ಮತ್ತೆ ಕುಳಿತುಕೊಳ್ಳಬೇಕು. ಇವರಿಗೆ ಹಿಡಿಸಿದ ಕಾರು ರಸ್ತೆಗಿಳಿಯುವಾಗ ಹನ್ನೆರಡು ಲಕ್ಷ. ಹಳೆಯದನ್ನು ಕಳೆದರೆ 10,40,000. ತಿಂಗಳಿಗೆ ಆರು ಸಾವಿರದಂತೆ ಉಳಿಸಿ ಇಷ್ಟನ್ನು ಹಿಂದಕ್ಕೆ ಪಡೆಯಲು ಹದಿನಾಲ್ಕು ವರ್ಷ ಬೇಕು. ಬ್ಯಾಟರಿಗೆ ಸಾಮಾನ್ಯವಾಗಿ ಕಂಪನಿಗಳು ಕೊಡುವ ಭರವಸೆ ಎಂಟು ವರ್ಷದ್ದು. ಇದೇ ಕಾರನ್ನು ತಿಂಗಳಿಗೆ 2,500 ಕಿಲೋಮೀಟರು ಓಡಿಸುವವನಿದ್ದರೆ ಐದು ವರ್ಷದೊಳಗೆ ಹಣ ಮರಳುತ್ತದೆ. ಟ್ಯಾಕ್ಸಿಯವರು ಇದನ್ನು ನಮಗಿಂತ ಮೊದಲು ಅರಿತರು. ದಿನಕ್ಕೆ 36 ಕಿಲೋಮೀಟರು ಓಡಿಸಿ ಉಳಿದ ಹೊತ್ತೆಲ್ಲ ನಿಲ್ಲಿಸುವವನಿಗೆ ಕಡಿಮೆ ಖರ್ಚಿನ ಇಂಧನದ ಪೂರ್ತಿ ಫಲ ದೊರೆಯುವುದಿಲ್ಲ. ಇದಲ್ಲದೆ ಇವರ ವಸತಿ ಸಮುಚ್ಚಯದಲ್ಲಿ ಮೀಟರಿನಿಂದ ಕಾರು ನಿಲ್ಲುವ ಕಂಬದವರೆಗೆ ತಂತಿ ಎಳೆಯಲು ನಿವಾಸಿಗಳ ಸಂಘ ಒಪ್ಪಬೇಕು. ನೀರಿನ ಟ್ಯಾಂಕಿಗೆ ಮುಚ್ಚಳ ಹಾಕಿಸುವ ವಿಷಯದಲ್ಲಿಯೇ ಆ ಸಂಘ ಮೂರು ಸಭೆ ನಡೆಸಿದೆ. ಅನಿಲದ ಕಾರಿನ ಮಾತನ್ನು ಯಾರೂ ಎತ್ತಲಿಲ್ಲ. ಅದರ ಸಿಲಿಂಡರು ಡಿಕ್ಕಿಯಲ್ಲಿ ಕುಳಿತರೆ ಅಜ್ಜಿಯವರ ಗಾಲಿಕುರ್ಚಿ ಎಲ್ಲಿ ಕೂರಬೇಕು?

ಇಷ್ಟು ಹೊತ್ತು ಉಯ್ಯಾಲೆಯ ಮೇಲೆ ಕಣ್ಣು ಮುಚ್ಚಿ ಕುಳಿತಿದ್ದ ಅಜ್ಜಿಯವರು, "ಏನಪ್ಪಾ, ಕಾರೆಂದರೆ ಆಸ್ತಿಯಲ್ಲವೆ? ನಮ್ಮವರು ಫಿಯೆಟ್ಟಿಗೆ ಬರೆಸಿಕೊಂಡು ವರ್ಷಗಟ್ಟಲೆ ಕಾದಿದ್ದರು. ಬಂದ ದಿನವೇ ಒಬ್ಬರು ಕೊಟ್ಟ ದುಡ್ಡಿಗಿಂತ ಹೆಚ್ಚು ಕೊಡುತ್ತೇನೆಂದು ಮನೆ ಬಾಗಿಲಿಗೆ ಬಂದರು," ಎಂದರು.

ಅವರ ಮಾತು ಅವರ ಕಾಲಕ್ಕೆ ಸರಿ. ಅಂಬಾಸಿಡರ್, ಫಿಯೆಟ್, ಸ್ಟ್ಯಾಂಡರ್ಡ್ ಎಂಬ ಮೂರು ಹೆಸರುಗಳಲ್ಲಿ ದೇಶದ ಕಾರುಗಳೆಲ್ಲ ಮುಗಿಯುತ್ತಿದ್ದ ಆ ದಿನಗಳಲ್ಲಿ ಕಾರಿಗಿಂತ ಸರದಿಗೇ ಬೆಲೆ. ಕಾದು ಪಡೆದ ಕಾರನ್ನು ಲಾಭಕ್ಕೆ ಮಾರಬಹುದಿತ್ತು. 1983ರ ಡಿಸೆಂಬರಿನಲ್ಲಿ ಮೊದಲ ಮಾರುತಿ 800 ಹೊರಬಂದ ಮೇಲೆ, ಅದರಲ್ಲಿಯೂ ತೊಂಬತ್ತರ ದಶಕದ ನಂತರ, ಆ ಕಾಲ ಮುಗಿಯಿತು. ಸರದಿ ಹೋಯಿತು, ಆಸ್ತಿಯೆಂಬ ಭಾವನೆ ಮಾತ್ರ ನಮ್ಮ ಮನೆಗಳಲ್ಲಿ ಉಯ್ಯಾಲೆಯಂತೆ ಉಳಿದುಕೊಂಡಿದೆ.

ಇಲ್ಲಿಗೆ ಮುಗಿಯಿತೆಂದು ನಾನು ಕಾಫಿಯ ಲೋಟಕ್ಕೆ ಕೈ ಹಾಕಿದ್ದೆ. ಆಗ ತಂಗಿ ಮಾತನಾಡಿದಳು.

"ಅಣ್ಣ, ನಿನ್ನ ಲೆಕ್ಕವೆಲ್ಲ ಸರಿಯಾಗಿದೆ. ಆದರೆ ಆ ದಿನ ಸೇತುವೆಯ ಮೇಲೆ ನಿಂತವಳು ನನ್ನ ಮಗಳು. ಈ ಕಾರಿನಲ್ಲಿ ಏರ್‌ಬ್ಯಾಗೂ ಇಲ್ಲ. ದಿನಾ ಸಂಜೆ ಏಳೂವರೆ ಆದರೆ ಬಾಗಿಲ ಕಡೆ ನೋಡುತ್ತ ಕೂರುವವಳು ನಾನು. ಅದನ್ನು ಯಾವ ಕಾಲಮ್ಮಿನಲ್ಲಿ ಬರೆಯುತ್ತೀಯಾ?"

ನಾನು ಲೋಟವನ್ನು ಹಾಗೆಯೇ ಇಟ್ಟೆ. ಲೆಕ್ಕ ನೋಡೆಂದು ಕರೆದವಳೂ ಅವಳೇ. ಆದರೆ ಅವಳ ಮನಸ್ಸಿನಲ್ಲಿದ್ದದ್ದು ಹಣವಲ್ಲ. ಯಜಮಾನರೂ ತಲೆ ತಗ್ಗಿಸಿದರು. ಅವರಿಗೂ ಕಾರು ಬೇಕಾಗಿದ್ದದ್ದು ಪೆಟ್ರೋಲಿನ ಕಾರಣಕ್ಕಲ್ಲವೆಂದು ನನಗಾಗ ಹೊಳೆಯಿತು. ಆ ಮುಕ್ಕಾಲು ಗಂಟೆಯನ್ನು ಅವರು ಮರೆತಿರಲಿಲ್ಲ. ಹೆದರಿಕೆಯಾಯಿತೆಂದು ಹೆಂಡತಿ ಮಕ್ಕಳ ಮುಂದೆ ಹೇಳಿಕೊಳ್ಳಲು ಗಂಡಸಿಗೆ ನಾಚಿಕೆ. ಉಳಿತಾಯವಾಗುತ್ತದೆಂದು ಹೇಳುವುದು ಸುಲಭ.

ಅವಳ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಮುಂದಿನ ಎರಡೂ ಆಸನಗಳಿಗೆ ಏರ್‌ಬ್ಯಾಗು ಎಲ್ಲ ಹೊಸ ಕಾರುಗಳಲ್ಲಿ ಕಡ್ಡಾಯವಾದದ್ದು 2022ರಿಂದ ಈಚೆಗೆ. 2012ರ ಅಗ್ಗದ ಮಾದರಿಯಲ್ಲಿ ಅದನ್ನು ನಿರೀಕ್ಷಿಸಲಾಗದು. ಇನ್ನೊಂದು ಮಾತನ್ನೂ ಹಳೆಯ ಕಾರಿನ ವಿರುದ್ಧ ಬರೆಯಬೇಕು. ಪೆಟ್ರೋಲಿನಲ್ಲಿ ಈಗ ನೂರಕ್ಕೆ 20ರಷ್ಟು ಎಥನಾಲ್ ಬೆರೆತಿರುತ್ತದೆ. ಅದಕ್ಕೆ ಹೊಂದಿಸದ ಹಳೆಯ ಕಾರುಗಳ ಮೈಲೇಜು ನೂರಕ್ಕೆ ಆರೇಳರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. ರಬ್ಬರ್ ಭಾಗಗಳೂ ಬೇಗ ಸವೆಯುತ್ತವೆ. ಮೆಕ್ಯಾನಿಕ್ಕಿನ ಪಟ್ಟಿಯಲ್ಲಿ ಕೊಳವೆಗಳು ಸೇರಿದ್ದು ಸುಮ್ಮನೆ ಅಲ್ಲ.

"ಸುರಕ್ಷತೆಗೆಂದು ಕಾರು ಕೊಳ್ಳುವುದಾದರೆ ನಾನು ಬೇಡವೆನ್ನುವುದಿಲ್ಲ," ಎಂದೆ. "ಆದರೆ ಹಾಗೆಂದೇ ಹೇಳಿ ಕೊಳ್ಳಿ. ತಿಂಗಳಿಗೆ ಏಳು ಸಾವಿರ ಹೆಚ್ಚು ಕೊಟ್ಟು ನೆಮ್ಮದಿಯನ್ನು ಕೊಳ್ಳುತ್ತಿದ್ದೇವೆ ಎಂದು ಬರೆಯಿರಿ. ಆಗ ಅದಕ್ಕೆ ಮಗಳ ಠೇವಣಿಯನ್ನು ಮುರಿಯಬೇಕೆ ಎಂಬ ಪ್ರಶ್ನೆ ತಾನಾಗಿ ಎದುರಿಗೆ ಬಂದು ನಿಲ್ಲುತ್ತದೆ."

ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ಮಗಳು ನಿಧಾನವಾಗಿ ಕೇಳಿದಳು: "ಅಪ್ಪಾ, ಆ ಸೇತುವೆಯ ಮೇಲೆ ನೀವು ದಿನಾ ಹೋಗಲೇಬೇಕೆ?"

ಮೂವರು ದೊಡ್ಡವರು ಎರಡು ಗಂಟೆ ಕಾಲ ಕಾರನ್ನು ಬದಲಾಯಿಸಬೇಕೇ ಬೇಡವೇ ಎಂದು ಚರ್ಚಿಸಿದ್ದೆವು. ಬದಲಾಯಿಸಬಹುದಾದದ್ದು ದಾರಿಯೂ ಹೌದೆಂಬುದು ಹದಿನೇಳರ ಹುಡುಗಿಗೆ ತೋರಿತು. ಆ ವರ್ಷದ ಆಗಸ್ಟ್ 10ರಂದು ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಮೆಟ್ರೋದ ಹಳದಿ ಮಾರ್ಗ ಉದ್ಘಾಟನೆಯಾಗಿತ್ತು. 19 ಕಿಲೋಮೀಟರು, 16 ನಿಲ್ದಾಣ, ಅವುಗಳಲ್ಲಿ ಎಲೆಕ್ಟ್ರಾನಿಕ್ ಸಿಟಿಯೂ ಒಂದು. ಬನಶಂಕರಿಯಲ್ಲಿ ಹಸಿರು ಮಾರ್ಗದ ರೈಲು ಹತ್ತಿದರೆ ಮುಂದಿನ ನಿಲ್ದಾಣವೇ ಆರ್.ವಿ. ರಸ್ತೆ. ಅಲ್ಲಿ ಬದಲಾಯಿಸಿದರೆ ಸಿಲ್ಕ್ ಬೋರ್ಡಿನ ಜಂಜಾಟವೆಲ್ಲ ಕಾಲ ಕೆಳಗೆ.

"ಅದನ್ನು ನಾನು ಯೋಚಿಸಲಿಲ್ಲವೆಂದುಕೊಂಡೆಯಾ?" ಎಂದು ತಂದೆ ರೇಗಿದರು. "ಇರುವುದೇ ಕೆಲವು ರೈಲು. ಒಂದು ತಪ್ಪಿದರೆ ಇನ್ನೊಂದಕ್ಕೆ ಹತ್ತಿರ ಹತ್ತಿರ ಇಪ್ಪತ್ತು ನಿಮಿಷ. ಮನೆಯಿಂದ ನಿಲ್ದಾಣಕ್ಕೆ ಒಂದೂವರೆ ಕಿಲೋಮೀಟರು ನಡೆಯಬೇಕು. ಒಳಗೆ ಕಾಲಿಡಲು ಜಾಗವಿಲ್ಲ. ಐವತ್ತೆರಡು ವರ್ಷದವನು ಚೀಲ ಹಿಡಿದುಕೊಂಡು ಕಂಬಕ್ಕೆ ನೇತಾಡಲೇ? ಇನ್ನು ದರವೋ, ಫೆಬ್ರವರಿಯಲ್ಲಿ ಏರಿಸಿದ್ದು ಊರಿಗೆಲ್ಲ ಗೊತ್ತು."

ಅವರ ಆಕ್ಷೇಪಣೆಗಳಲ್ಲಿ ಒಂದೂ ಸುಳ್ಳಲ್ಲ. ಆರಂಭದಲ್ಲಿ ಆ ಮಾರ್ಗದಲ್ಲಿ ರೈಲುಗಳ ಕೊರತೆಯಿತ್ತು. 2025ರ ಫೆಬ್ರವರಿಯ ಪರಿಷ್ಕರಣೆಯಲ್ಲಿ ಮೆಟ್ರೋದ ಗರಿಷ್ಠ ದರ 60ರಿಂದ 90ಕ್ಕೆ ಏರಿ ಊರಿನಲ್ಲಿ ದೊಡ್ಡ ಗದ್ದಲವೇ ಆಗಿತ್ತು. ಆದರೂ ಬರೆದು ನೋಡೋಣವೆಂದೆ. ಹೋಗಲು 60, ಬರಲು 60 ಎಂದಿಟ್ಟುಕೊಂಡು, ಕಾರ್ಡಿನ ಮೇಲಿನ ನೂರಕ್ಕೆ 5ರ ರಿಯಾಯಿತಿ ಕಳೆದರೆ 114. ಇಪ್ಪತ್ತೆರಡು ದಿನಕ್ಕೆ 2,508. ಮಳೆಯ ದಿನದ ಆಟೋ, ಆ ತುದಿಯ ಬಸ್ಸು ಸೇರಿಸಿ 3,200. ಕಾರಿನಲ್ಲಿ ಹೋದರೆ ಪೆಟ್ರೋಲು 6,900; ಇದಲ್ಲದೆ ಅವರ ಹಾಳೆಯಲ್ಲಿ ಬಾರದ ಒಂದು ಬಾಬತ್ತನ್ನು ನಾನು ನೆನಪಿಸಿದೆ. ಮೇಲ್ಸೇತುವೆಯ ಟೋಲು. ಹೋಗಿ ಬರಲು ದಿನಕ್ಕೆ ಹತ್ತಿರ ಹತ್ತಿರ ನೂರು ರೂಪಾಯಿ, ತಿಂಗಳಿಗೆ ಎರಡು ಸಾವಿರ. ಹೊಸ ಕಾರಾದರೂ ಹಳೆಯ ಕಾರಾದರೂ ಅದು ಒಂದೇ. ಆದ್ದರಿಂದಲೇ ಹೋಲಿಕೆಯಲ್ಲಿ ಕಾಣಲಿಲ್ಲ. ಒಟ್ಟು 8,900ರಲ್ಲಿ 3,200 ಕಳೆದರೆ 5,700. ಒಂದು ರೂಪಾಯಿ ಬಂಡವಾಳವಿಲ್ಲದೆ.

ಸಮಯದ ವಿಷಯದಲ್ಲಿ ನಾನು ವಾದಿಸಲಿಲ್ಲ. ಕಾರಿನಲ್ಲಿ ಎಪ್ಪತ್ತು ನಿಮಿಷ. ರೈಲಿನಲ್ಲಿ ನಡಿಗೆ, ಕಾಯುವಿಕೆ ಎಲ್ಲ ಸೇರಿ ಎಂಬತ್ತೈದಾದೀತು. ದಿನಕ್ಕೆ ಅರ್ಧ ಗಂಟೆ ನಷ್ಟ. ಅದಕ್ಕೆ ಬೆಲೆ ಕಟ್ಟಬೇಕಾದವರು ಅವರು; ಮೂರನೆಯವರು ಬೆಲೆ ಕಟ್ಟುವುದು ತರವಲ್ಲ. ಕಂಬಕ್ಕೆ ನೇತಾಡುವ ಬಗೆಗಂತೂ, ಸ್ವತಃ ಕುಳಿತು ಬರೆಯುವ ವೃತ್ತಿಯವನಾದ ನಾನು ಮಾತನಾಡದಿರುವುದೇ ಮರ್ಯಾದೆ.

ಆದರೆ ಕಾರನ್ನು ಮಾರಿಬಿಡಿ ಎಂದು ಮಾತ್ರ ಹೇಳಲಿಲ್ಲ. ಚುಚ್ಚುಮದ್ದಾದ ದಿನ ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಅಜ್ಜಿಯವರನ್ನು ಆಟೋದಲ್ಲಿ ಕುಲುಕಿಸಿಕೊಂಡು ಬರುವ ಹಾಗಿಲ್ಲ. ಬಾಡಿಗೆಯ ಕಾರಿನಲ್ಲಿ ಹೋಗಬಹುದೆಂದು ಲೆಕ್ಕ ಹೇಳುತ್ತದೆ. ರಾತ್ರಿ ಎರಡು ಗಂಟೆಗೆ ಕಣ್ಣು ನೋವೆಂದರೆ ಬಾಗಿಲಲ್ಲಿ ನಿಂತ ಕಾರಿನ ಬೆಲೆ ಬೇರೆ. ತಿಂಗಳಿಗೆ 800ರ ಬದಲು ನೂರೈವತ್ತು ಇನ್ನೂರು ಕಿಲೋಮೀಟರು, ಅದೂ ಊರೊಳಗೆ ಮೆಲ್ಲಗೆ ಓಡುವುದಾದರೆ ಹಳೆಯ ಕಾರಿಗೂ ಉಸಿರು ಉಳಿಯುತ್ತದೆ. 2027ಕ್ಕೆ ಅದಕ್ಕೆ ಹದಿನೈದು ವರ್ಷ ತುಂಬುತ್ತದೆ. ಆಗ ಮರುನೋಂದಣಿ ಬೇಕು. 2022ರ ಏಪ್ರಿಲಿನಿಂದ ಅದರ ಶುಲ್ಕವನ್ನು 600ರಿಂದ 5,000ಕ್ಕೆ ಏರಿಸಿದ್ದಾರೆ. ಆ ಹೊತ್ತಿಗೆ ಮಗಳ ಕಾಲೇಜಿನ ದಾರಿಯೂ ತಿಳಿದಿರುತ್ತದೆ, ಕಾರಿನ ಯೋಗ್ಯತೆಯೂ ತಿಳಿಯುತ್ತದೆ.

"ಅಲ್ಲಿಯವರೆಗೆ ಉಳಿಯುವುದರಲ್ಲಿ ಐದು ಸಾವಿರವನ್ನು ಅಂಚೆಕಚೇರಿಯಲ್ಲಿ ಆರ್.ಡಿ. ಕಟ್ಟಿರಿ," ಎಂದೆ. ಆಗಿನ ನೂರಕ್ಕೆ 6.7ರ ದರದಲ್ಲಿ ಐದು ವರ್ಷ ಪೂರ್ತಿ ಕಟ್ಟಿದರೆ 3,56,000 ಚಿಲ್ಲರೆ. ಏರ್‌ಬ್ಯಾಗುಳ್ಳ ಕಾರಿಗೆ ಅದೇ ಮುಂಗಡ.

ನಮ್ಮವರು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಹಾಳೆಯನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡರು.

ಅಕ್ಟೋಬರ್ 1ರ ಆಯುಧಪೂಜೆಗೆ ನಾನು ಹೋಗಲಾಗಲಿಲ್ಲ. ತಂಗಿ ಕಳುಹಿಸಿದ ಚಿತ್ರದಲ್ಲಿ ಹಳೆಯ ಕಾರೇ ಸೇವಂತಿಗೆಯ ಹಾರ ಹಾಕಿಕೊಂಡು ನಿಂತಿತ್ತು. 42,000ದ ಪಟ್ಟಿಯಲ್ಲಿ ಬ್ಯಾಟರಿಯನ್ನೂ ಮತ್ತೊಂದೆರಡು ಬಾಬುಗಳನ್ನೂ ಬೇರೆ ಮೆಕ್ಯಾನಿಕ್ಕಿಗೆ ತೋರಿಸಿ, ಇನ್ನೂ ಬಾಳುತ್ತವೆಂದು ಕೈಬಿಟ್ಟು, 29,000ಕ್ಕೆ ಕೆಲಸ ಮುಗಿಸಿದರಂತೆ. ಚಕ್ರದ ಕೆಳಗೆ ನಿಂಬೆಹಣ್ಣು, ಮುಂದೆ ಬೂದುಗುಂಬಳಕಾಯಿ, ಪಕ್ಕದಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಅಜ್ಜಿಯವರು. ಪಕ್ಕದ ಮನೆಯವರ ಹೊಚ್ಚ ಹೊಸ ಕೆಂಪು ಕಾರು ಚಿತ್ರದ ಅಂಚಿನಲ್ಲಿ ಅರ್ಧ ಕಾಣುತ್ತಿತ್ತು. ಯಜಮಾನರ ಮುಖ ಸ್ವಲ್ಪ ಆ ಕಡೆಗೇ ತಿರುಗಿತ್ತೆಂದು ನನ್ನ ಗುಮಾನಿ.

ನವೆಂಬರಿನ ಹೊತ್ತಿಗೆ ಆ ಮಾರ್ಗಕ್ಕೆ ಇನ್ನಷ್ಟು ರೈಲುಗಳು ಬಂದು ಕಾಯುವ ಹೊತ್ತು ಹದಿನೈದು ನಿಮಿಷಕ್ಕೆ ಇಳಿಯಿತು. ತಿಂಗಳ ಕೊನೆಯ ಭಾನುವಾರ ಹೋದಾಗ ತಂಗಿಯ ಮಗಳು ನೋಟುಪುಸ್ತಕವನ್ನು ತಂದು ತೋರಿಸಿದಳು. ಅಂಚೆಕಚೇರಿಯ ಪಾಸುಪುಸ್ತಕದಲ್ಲಿ ಎರಡು ಕಂತು ಬಿದ್ದಿದ್ದವು. ಇಪ್ಪತ್ತು ಕೆಲಸದ ದಿನಗಳಲ್ಲಿ ತಂದೆಯವರು ರೈಲಿನಲ್ಲಿ ಹೋದದ್ದು ಹದಿನಾಲ್ಕು ದಿನ, ಆಫೀಸಿಗೆ ಕಾರು ತೆಗೆದದ್ದು ಆರು ದಿನ. ಆ ಆರು ದಿನಗಳ ಮುಂದೆ ಕಾರಣವನ್ನೂ ಅವಳು ದುಂಡಗಿನ ಅಕ್ಷರದಲ್ಲಿ ಬರೆದಿದ್ದಳು: ಅಜ್ಜಿಯ ಆಸ್ಪತ್ರೆ ಎರಡು, ಮಳೆ ಒಂದು, ಸೋಮಾರಿತನ ಮೂರು.

"ಆ ಮೂರರಲ್ಲಿ ಒಂದು ದಿನ ನಿಜವಾಗಿಯೂ ಮಂಡಿ ನೋಯುತ್ತಿತ್ತು, ಭಾವ," ಎಂದು ಅವರು ಒಳಗಿನಿಂದ ಕೂಗಿ ಹೇಳಿದರು.